ನಾಲ್ಕು ಮನೆ, ಒಂದು ಮೊಣಕಾಲು

ಭಾಗವ್ವ ಕುರ್ಚಿಯ ತುದಿಗೆ ಕೂತಿದ್ದಳು, ಈಗಲೋ ಆಗಲೋ ಯಾರಾದರೂ ಬಂದು ಏಳು ಅಂದಾರು ಎನ್ನುವ ಹಾಗೆ. ಪರೇಲಿನ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಅವಳನ್ನು ಆ ಕುರ್ಚಿಗೆ ಕೂರಿಸಿದವಳು ಡಾಕ್ಟರ್ ವಿಭಾ. ಎದುರಿಗೆ ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಒಂದು ಹಳದಿ ಪಟ್ಟಿ ಅಂಟಿಸಿತ್ತು.

"ಆಂಟಿ, ನಾನು ಶುರು ಅಂದ ತಕ್ಷಣ ಎದ್ದು ಆ ಪಟ್ಟಿ ತನಕ ನಡೀರಿ. ತಿರುಗಿ ಬಂದು ಕೂತ್ಕೊಳ್ಳಿ. ಅಷ್ಟೇ."

ಭಾಗವ್ವ ಎದ್ದಳು. ಎದ್ದಳು ಅಂದರೆ, ಎರಡೂ ಕೈಯನ್ನು ಕುರ್ಚಿಗೆ ಊರಿ, ಹಲ್ಲು ಕಚ್ಚಿ, ಮೈಯನ್ನು ಮೇಲಕ್ಕೆ ಎತ್ತಿಕೊಂಡಳು. ಬಲಗಾಲು ಒಳಗಡೆಗೆ ಬಾಗಿತ್ತು. ಹೋಗಿ ಬಂದು ಕೂರುವಷ್ಟರಲ್ಲಿ ವಿಭಾಳ ಮೊಬೈಲು ಇಪ್ಪತ್ತಾರು ಸೆಕೆಂಡು ತೋರಿಸಿತು.

"ಪಾಸೋ ಫೇಲೋ?"

"ಇದು ಎಕ್ಸಾಮ್ ಅಲ್ಲ ಆಂಟಿ. ಮೊಣಕಾಲು ಬದಲಾಯಿಸಿದ ಮೇಲೆ, ಆರು ತಿಂಗಳಿಗೆ ನೀವು ಎಷ್ಟು ನಡೀಬಹುದು ಅಂತ ಈಗಲೇ ಹೇಳೋದು. ನನ್ನ ಸ್ಟಡಿ ಅದು."

"ಶಾಸ್ತ್ರ ಹೇಳಾಂವ ಪಂಜರದಾಗ ಗಿಣಿ ಇಟ್ಕೊಂಡಿರ್ತಾನಲ್ಲ, ಹಂಗ?"

"ಗಿಣಿ ಇಲ್ಲ. ಕಂಪ್ಯೂಟರ್ ಇದೆ," ಎಂದು ವಿಭಾ ನಕ್ಕಳು. ಅವಳ ತಂದೆತಾಯಿ ಬೆಂಗಳೂರಿನವರು, ಅವಳು ಹುಟ್ಟಿ ಬೆಳೆದದ್ದು ಬಾಂದ್ರಾದಲ್ಲಿ. ಅಜ್ಜಿಯ ಜೊತೆ ಆಡುತ್ತಿದ್ದ ಕನ್ನಡವೇ ಅವಳ ಕನ್ನಡ. ವಾರ್ಡಿಗೆ ಕನ್ನಡದ ಹೆಂಗಸು ಬಂದರೆ ಅವಳಿಗೆ ಒಂದು ಬಗೆಯ ಸಂಭ್ರಮ.

ಪ್ರಶ್ನೆಗಳು ಶುರುವಾದವು. ವಯಸ್ಸು? ಐವತ್ತೆಂಟು. ಮನೆ? ಮುಲುಂಡಿನ ಗುಡ್ಡದ ಮೇಲೆ, ಅರವತ್ತಮೂರು ಮೆಟ್ಟಿಲು ಹತ್ತಿ. ಪಾಯಖಾನೆ? ಸಾರ್ವಜನಿಕ, ಅದು ಮೆಟ್ಟಿಲ ಕೆಳಗೆ. ಕೆಲಸ? ಗಿರಿಕುಂಜ ಸೊಸೈಟಿಯಲ್ಲಿ ನಾಲ್ಕು ಮನೆಯ ಕಸ, ಮುಸುರೆ, ನೆಲ ಒರೆಸುವುದು. ಇಪ್ಪತ್ತೆರಡು ವರ್ಷದಿಂದ.

"ಭಾರದ ಮನೆಗೆಲಸ ಮಾಡುವಾಗ ಎಷ್ಟು ನೋವಿರುತ್ತೆ?"

"ಯಾರ ಮನಿದು? ನಂದೋ, ಮಂದಿದೋ?"

ವಿಭಾ ಫಾರಂ ನೋಡಿದಳು. ಅಲ್ಲಿ ಒಂದೇ ಮನೆಗೆ ಜಾಗವಿತ್ತು. "ಎರಡೂ ಸೇರಿಸಿ ಹೇಳಿ."

"ಐದು ಮನಿ ನೋವು ಒಂದ ಖಾನ್ಯಾಗ ಹಿಡಿಸತೈತೇನು? ಇರಲಿ, ಭಾಳ ಅಂತ ಬರೀರಿ."

"ಆಪರೇಷನ್ ಆದ್ಮೇಲೆ ಮನೇಲಿ ನೋಡ್ಕೊಳ್ಳೋರು ಇದಾರಾ? ಗಂಡ?"

"ಅದಾನ. ಮರೆಪ್ಪ ಅಂತ."

ವಿಭಾ ಒಂದು ಗುರುತು ಹಾಕಿದಳು. ಭಾಗವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ರೈಟ್ ಗುರುತು ಯಾವುದು, ಕಾಟು ಯಾವುದು ಎಂದು ತಿಳಿಯದಷ್ಟು ದಡ್ಡಿಯಲ್ಲ.

"ಏನದು ರೈಟ್ ಹಾಕಿದ್ರಿ?"

"ಗಂಡ ಇದಾರೆ ಅಂದ್ರಲ್ಲ. ಮನೇಲಿ ಹೆಲ್ಪ್ ಇದೆ ಅಂತ. ಅದಕ್ಕೆ ಮಾರ್ಕ್ಸ್ ಜಾಸ್ತಿ ಬರುತ್ತೆ."

ಭಾಗವ್ವ ನಕ್ಕಳು. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ತಿರುಗಿ ನೋಡುವಷ್ಟು ನಕ್ಕಳು. "ಡಾಕ್ಟರವ್ವಾ, ಅಂವಾ ಮನ್ಯಾಗ ಇದ್ದಾನಂದ್ರ ನನಗ ಎರಡು ರೊಟ್ಟಿ ಜಾಸ್ತಿ, ಒಗ್ಯಾಕ ಒಂದು ಜೋಡಿ ಅರಿವಿ ಜಾಸ್ತಿ. ಅದಕ್ಕ ಮಾರ್ಕ ಕೂಡಸ್ತೀರಾ? ಕಳೀರಿ, ಕಳೀರಿ. ಅದನ್ನ ಅಳಸ್ರಿ."

"ಅಳಿಸಿದ್ರೆ ನಿಮ್ಮ ಸ್ಕೋರ್ ಕಡಿಮೆಯಾಗುತ್ತೆ ಆಂಟಿ."

"ಆಗಲಿ."

ವಿಭಾ ಅಳಿಸಿದಳು. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ ನೂರಕ್ಕೆ ನಲವತ್ತೊಂದು, ಆರು ತಿಂಗಳಿಗೆ ಇದೇ ನಡಿಗೆಗೆ ಹತ್ತೊಂಬತ್ತು ಸೆಕೆಂಡು ಅಂದಿತು. ಅದನ್ನು ಹೇಳಬೇಕೋ ಬೇಡವೋ ಎಂದು ಹುಡುಗಿ ತಡವರಿಸಿ, ಕೊನೆಗೆ ಹೇಳಿಯೇಬಿಟ್ಟಳು. ನೋವು ಹೋಗುತ್ತದೆ. ಕಾಲು ನೆಟ್ಟಗಾಗುತ್ತದೆ. ಆದರೆ ಆರು ತಿಂಗಳ ಮೇಲೂ ಕೋಲು ಬೇಕಾಗಬಹುದು, ಮೆಟ್ಟಿಲು ಕಷ್ಟವಾಗಬಹುದು. ಈಗಿನ ಕೆಲಸಕ್ಕೆ ಮರಳುವ ಸಂಭವ ಕಡಿಮೆ. ಮತ್ತೆ, ಏನೇ ಆದರೂ ನೆಲಕ್ಕೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ.

ಭಾಗವ್ವ ಬಲಮೊಣಕಾಲನ್ನು ಅಂಗೈಯಿಂದ ಸವರಿದಳು. ನಾಲ್ಕು ಮನೆ ಅಂದರೆ ಅವಳಿಗೆ ಬರೀ ಪಗಾರವಲ್ಲ. ಸಿಂದಗಿ ಕಡೆಯಿಂದ ರಸ್ತೆ ಕೆಲಸಕ್ಕೆಂದು ಬಂದ ಗಂಡನ ಹಿಂದೆ ಈ ಊರಿಗೆ ಬಂದು, ತಾನಾಗಿ ಹೋಗಿ ಬೆಲ್ಲು ಒತ್ತಿ, ತಾನಾಗಿ ಮಾತಾಡಿ ಗಳಿಸಿಕೊಂಡ ಬಾಗಿಲುಗಳು ಅವು. ಅವು ಹೋದರೆ ಉಳಿಯುವುದು ಗುಡ್ಡದ ಮೇಲಿನ ಖೋಲಿ, ಮರೆಪ್ಪನ ರೊಟ್ಟಿ.

"ಬೇಕಾದ್ರೆ ಆ ರೈಟ್ ಮತ್ತೆ ಹಾಕ್ಲಾ?" ಎಂದಳು ವಿಭಾ, ಮೆಲ್ಲಗೆ.

"ಬ್ಯಾಡ. ಖರೇ ಇದ್ದಷ್ಟ ಬರೀರಿ. ಆರು ತಿಂಗಳಿಗೆ ಬಂದು ನಿಮ್ಮ ಈ ಕಂಪ್ಯೂಟರ ಡಬ್ಬಿನ ಸುಳ್ಳ ಮಾಡ್ತೀನಿ. ನಾ ಆಗಲೇ ಒಂದು ಜೋಡಿ ಮೊಣಕಾಲು ಬೆಳಸೀನಿ, ಗೊತ್ತೈತೇನು?"

ಅದು ಬಡಾಯಿಯಲ್ಲ. ಗಿರಿಕುಂಜದ ಐದನೇ ಮಹಡಿಯ ಸುಮಿತ್ರಮ್ಮನ ಎರಡೂ ಮೊಣಕಾಲು ಎರಡು ವರ್ಷದ ಹಿಂದೆ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಬದಲಾಗಿದ್ದವು. ಮೈಸೂರಿನ ಕಡೆಯವರು. ಗಂಡ ರಾಮಸ್ವಾಮಿ ಬ್ಯಾಂಕಿನಿಂದ ನಿವೃತ್ತರಾದವರು. ಮನೆಗೆ ಬಂದು ವ್ಯಾಯಾಮ ಹೇಳಿಕೊಡುವ ಹುಡುಗ ಹದಿನೈದು ದಿನ ಬಂದ. ಭಾಗವ್ವ ನೆಲ ಒರೆಸುತ್ತಲೇ ಎಲ್ಲವನ್ನೂ ನೋಡಿಕೊಂಡಳು. ಹಿಮ್ಮಡಿ ಎಳೆದು ಮಂಡಿ ಮಡಚುವುದು, ಟವೆಲಿನ ಸುರುಳಿಯನ್ನು ಮಂಡಿಯ ಕೆಳಗಿಟ್ಟು ಒತ್ತುವುದು, ಕಾಲನ್ನು ನೆಟ್ಟಗೆ ಎತ್ತಿ ಐದೆಣಿಸುವುದು. ಹದಿನಾರನೇ ದಿನದಿಂದ ಎಣಿಸಿದವಳು ಭಾಗವ್ವ. ಸುಮಿತ್ರಮ್ಮ ಅತ್ತರೂ ಬಿಡಲಿಲ್ಲ. ಕಮೋಡ್ ಕುರ್ಚಿ ತೊಳೆದವಳೂ, ಐಸು ಕಟ್ಟಿದವಳೂ, ಪ್ಯಾಸೇಜಿನಲ್ಲಿ ತೋಳು ಹಿಡಿದು ನಡೆಸಿದವಳೂ ಅವಳೇ. ಆಮೇಲೆ ಸರ್ಜನ್ನರು ಫೋಟೋ ತೆಗೆದುಕೊಂಡು, "ಎಕ್ಸಲೆಂಟ್! ಮನೆಯವರ ಸಪೋರ್ಟ್ ಇದ್ದರೆ ಹೀಗೆ," ಎಂದು ರಾಮಸ್ವಾಮಿಯವರ ಬೆನ್ನು ತಟ್ಟಿದರಂತೆ. ರಾಮಸ್ವಾಮಿ ತಲೆಯಾಡಿಸಿದರಂತೆ.

ಅದೇ ರಾಮಸ್ವಾಮಿ ಸರ್ಜನ್ನರಲ್ಲಿ ಕೇಳಿದ್ದ ಒಂದೇ ಪ್ರಶ್ನೆ, ಅಡುಗೆಮನೆಯಲ್ಲಿ ಯಾವಾಗ ನಿಲ್ಲಬಹುದು ಎನ್ನುವುದು. ಆರು ವಾರ ಎಂದಿದ್ದರು. ನಲವತ್ತಮೂರನೇ ದಿನ ಬೆಳಿಗ್ಗೆ ಅವರು ತಿಳಿಸಾರು ಬೇಕೆಂದರು. ಒಲೆಯ ಕಟ್ಟೆಗೆ ಸೊಂಟ ಆನಿಸಿಕೊಂಡು ನಿಂತಿದ್ದ ಸುಮಿತ್ರಮ್ಮನ ಕಣ್ಣಲ್ಲಿ ನೀರಿದ್ದದ್ದನ್ನು ಪಾತ್ರೆ ತೊಳೆಯುತ್ತಿದ್ದ ಭಾಗವ್ವ ನೋಡಿದ್ದಳು. ಅದು ಒಗ್ಗರಣೆಯ ಹೊಗೆಗೆ ಬಂದದ್ದಂತೂ ಅಲ್ಲ.

ಆಪರೇಷನ್ನಿಗೆ ಹೋಗುವ ಮುಂಚೆ ಭಾಗವ್ವ ಬದಲಿ ಕೊಡಬೇಕಿತ್ತು. ಮುಲುಂಡಿನ ಗುಡ್ಡದ ಹೆಂಗಸರಲ್ಲಿ ಅದೊಂದು ಕಟ್ಟಳೆ. ಹೆರಿಗೆಗೋ, ಊರಿಗೋ, ಕಾಯಿಲೆಗೋ ರಜೆ ಹಾಕುವವಳು ತನ್ನ ಮನೆಗಳಿಗೆ ತನ್ನದೇ ಗಲ್ಲಿಯಿಂದ ಒಬ್ಬಳನ್ನು ಕಳಿಸುತ್ತಾಳೆ. ಅಷ್ಟು ದಿನದ ಪಗಾರ ಬದಲಿಗೆ. ಆದರೆ ಮನೆ ಬದಲಿಯದಲ್ಲ. ಹೋದವಳು ಬಂದು ಬಾಗಿಲಲ್ಲಿ ನಿಂತ ದಿನ ಬದಲಿ ಪೊರಕೆ ಕೊಟ್ಟು ಹೊರಡಬೇಕು. ಮುರಿದವಳನ್ನು ನಲ್ಲಿಯ ಹತ್ತಿರ ಯಾರೂ ಮಾತಾಡಿಸುವುದಿಲ್ಲ.

ಭಾಗವ್ವ ಕೊಟ್ಟದ್ದು ಮಹಾದೇವಿಯನ್ನು; ನಂಟಿಲ್ಲದಿದ್ದರೂ ಅವಳು ಭಾಗವ್ವನನ್ನು ಅತ್ತಿ ಅನ್ನುತ್ತಿದ್ದಳು. ಮೂವತ್ತೆರಡರ ಹೆಣ್ಣು, ಎರಡು ಮಕ್ಕಳ ತಾಯಿ. ನೆಲ ಒರೆಸಲು ಕುಕ್ಕರಗಾಲಲ್ಲಿ ಕೂತರೆ ಹಾಲ್‌ನ ಈ ಮೂಲೆಯಿಂದ ಆ ಮೂಲೆಗೆ ಬಾತುಕೋಳಿಯಂತೆ ಸರಿದುಬಿಡುವಳು.

ಐದನೇ ದಿನಕ್ಕೆ ಆಸ್ಪತ್ರೆಯಿಂದ ಬಿಟ್ಟರು. ಗುಡ್ಡದ ಬುಡದಲ್ಲಿ ರಿಕ್ಷಾ ನಿಂತಾಗ ಅರವತ್ತಮೂರು ಮೆಟ್ಟಿಲು ಎದುರಿಗೆ ಎದ್ದು ನಿಂತವು. ಗಣಪತಿ ಮಂಡಳದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು, ಅದರಲ್ಲಿ ಅವಳನ್ನು ಕೂರಿಸಿ, ಮರೆಪ್ಪನೂ ಗಲ್ಲಿಯ ಮೂವರೂ ಹೊತ್ತು ಹತ್ತಿಸಿದರು. ಮಕ್ಕಳು ಹಿಂದಿನಿಂದ "ಭಾಗವ್ವ ಮೋರಯಾ!" ಎಂದು ಕೂಗಿಕೊಂಡು ಬಂದವು. ಮೇಲೆ ಹೋದ ಮೇಲೆ ಭಾಗವ್ವ ಆ ಕುರ್ಚಿಯನ್ನು ವಾಪಸು ಕೊಡಲಿಲ್ಲ. "ಮಂಡಳಕ್ಕ ಹೇಳ್ರಿ, ಗಣಪತಿ ಬರೂತನ ನಾನ ಕೂಡ್ತೀನಿ ಅಂತ."

ಸುಮಿತ್ರಮ್ಮನ ಅಟ್ಟದಲ್ಲಿ ಬಿದ್ದಿದ್ದ ವಾಕರು ಮತ್ತು ಕಮೋಡ್ ಕುರ್ಚಿಯನ್ನು ಮಹಾದೇವಿಯ ಕೈಲಿ ಹೇಳಿ ತರಿಸಿದಳು. ಸುಮಿತ್ರಮ್ಮ ಕೊಟ್ಟರು. ಜೊತೆಗೆ ಒಂದು ಡಬ್ಬಿ ಚಕ್ಕುಲಿ ಕೂಡ.

ಆಮೇಲಿನದು ಎಣಿಕೆ. ಹಿಮ್ಮಡಿ ಎಳೆ, ಬಿಡು. ಟವೆಲು ಒತ್ತು, ಹಿಡಿ, ಐದು. ಸುಮಿತ್ರಮ್ಮನಿಗೆ ಎಣಿಸಿದ ಬಾಯಿಯಿಂದಲೇ ತನಗೆ ತಾನು ಎಣಿಸಿಕೊಂಡಳು. ಸುಮಿತ್ರಮ್ಮ ಅತ್ತಾಗ ಏನು ಹೇಳಿದ್ದಳೋ ಅದನ್ನೇ ತನಗೂ ಹೇಳಿಕೊಂಡಳು: ಅಳ್ರಿ, ಆದ್ರ ಅಳ್ಕೋತ ಮಡಚ್ರಿ. ಪಕ್ಕದ ಖೋಲಿಯವಳು ಮಧ್ಯಾಹ್ನಕ್ಕೆ ಸಾರು ಕೊಟ್ಟಳು. ಎದುರಿನವಳು ಕಮೋಡ್ ಕುರ್ಚಿ ತೊಳೆದಳು. ಮಹಾದೇವಿ ಸಂಜೆ ಬಂದು ಐಸು ಕಟ್ಟಿದಳು.

ನೀರು ಮಾತ್ರ ಮರೆಪ್ಪನ ಪಾಲಿಗೆ ಬಂತು. ಅವನು ಒಂದು ಕಟ್ಟಡದಲ್ಲಿ ವಾಚ್‌ಮನ್. ಆರು ಗಂಟೆಗೆ ನಲ್ಲಿ ಬರುವಾಗ ಅಲ್ಲಿ ನಿಲ್ಲುವವರೆಲ್ಲ ಹೆಂಗಸರು. ಮೊದಲನೇ ದಿನ ತಲೆಗೆ ಟವೆಲು ಸುತ್ತಿಕೊಂಡು ಹೋದ, ಗುರುತು ಸಿಗಬಾರದೆಂದು. "ಮರೆಪ್ಪಣ್ಣ, ಸೆರಗ ಚಂದ ಹೊದ್ದೀಯಲ್ಲ!" ಎಂದರು. ಕೊಡವನ್ನು ಧೊಪ್ಪೆಂದು ಇಳಿಸಿ ಹೆಂಡತಿಯನ್ನು ಕೇಳಿದ: "ಎಷ್ಟ ದಿನ ಇದು?"

"ನಿನ್ನ ಮೊಣಕಾಲ ನೋಯೂತನ," ಎಂದಳು ಭಾಗವ್ವ, ಕಾಲು ಎತ್ತಿ ಹಿಡಿದುಕೊಂಡೇ. "ಮೂರು... ನಾಕು... ಐದು."

ಅವನು ಗೊಣಗಿದ. ಆದರೆ ಮರುದಿನವೂ ಹೋದ.

ಎರಡನೇ ತಿಂಗಳಲ್ಲಿ ವಾಕರು ಬಿಟ್ಟು ಕೋಲು ಹಿಡಿದಳು. ಮೆಟ್ಟಿಲ ಅಭ್ಯಾಸ ಶುರುವಾಯಿತು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅವಳ ಎಡಗಾಲೇನು ಬಂಗಾರದ್ದೇ? ಅದೂ ಸವೆದದ್ದೇ. ಆರಂಭದಲ್ಲಿ ಏಳು ಮೆಟ್ಟಿಲು, ಆಮೇಲೆ ಹನ್ನೆರಡು, ಆಮೇಲೆ ಇಪ್ಪತ್ತು. ಇಪ್ಪತ್ತನೇ ಮೆಟ್ಟಿಲಲ್ಲಿ ಕೂತು ಬೆವರೊರೆಸಿಕೊಳ್ಳುತ್ತಿದ್ದಾಗ ಮಹಾದೇವಿ ಕೆಲಸ ಮುಗಿಸಿ ಬಂದವಳು ಮುಂದೆ ಹೋಗದೆ ಅಲ್ಲೇ ನಿಂತಳು.

"ಅತ್ತಿ, ಒಂದು ಮಾತು."

"ಹೇಳ."

"ಸುಮಿತ್ರಮ್ಮಾರು ನನ್ನ ಕಾಯಂ ನಿಂದ್ರು ಅಂದ್ರು. ಭಾಗವ್ವಗ ಇನ್ನ ಕೂಡಾಕ ಬರೂದಿಲ್ಲ, ಒರಸೂದು ಆಗೂದಿಲ್ಲ, ಅಕಿಗೆ ನಾವ ತಿಳಿಸಿ ಹೇಳ್ತೀವಿ ಅಂದ್ರು. ಉಳಿದ ಮೂರು ಮನ್ಯಾಗೂ ಅದ ಮಾತು ನಡದೈತಿ."

ಭಾಗವ್ವ ಕೋಲಿನ ತುದಿಯಿಂದ ಮೆಟ್ಟಿಲ ಮೇಲಿನ ಕಲ್ಲೊಂದನ್ನು ಸರಿಸಿದಳು. "ನೀ ಏನಂದಿ?"

"ಅದು ನಮ್ಮತ್ತಿ ಮನಿ ಐತ್ರಿ, ನಾ ಬದಲಿ ಅಂದೆ." ಮಹಾದೇವಿ ಕಣ್ಣು ತಪ್ಪಿಸಿದಳು. "ಸುಳ್ಳ ಯಾಕ ಹೇಳ್ಲಿ ಅತ್ತಿ, ಲಗೂನ ಅನ್ನಲಿಲ್ಲ. ಬಸ್‌ಸ್ಟಾಪಿನ ತನಕ ಹೋಗಿ, ತಿರುಗಿ ಬಂದು ಅಂದೆ. ನನಗೂ ಆಸೆ ಆತು."

"ಆಗದ ಇರತೈತೇನು? ನಾಕು ಮನಿ, ಅದೂ ಲಿಫ್ಟ್ ಇದ್ದ ಬಿಲ್ಡಿಂಗ್." ಭಾಗವ್ವ ಅವಳ ಭುಜ ಹಿಡಿದು ಎದ್ದಳು. "ತಿರುಗಿ ಬಂದ್ಯಲ್ಲ, ಅದ ಸಾಕು. ಬಿ ವಿಂಗಿನಾಗ ಎರಡು ಮನಿಯವರು ಕೆಲಸದಾಕಿನ ಕೇಳ್ಕೋತ ಅದಾರ. ನಿನ್ನ ಹೆಸರು ನಾ ಹೇಳ್ತೀನಿ. ಆದ್ರ ಒಂದ ಕರಾರು: ಮೊದಲನೇ ದಿನಾನ ನಿಂತು ಒರಸೂ ಕೋಲಿನ ಪೋಚಾ ಬೇಕು ಅನ್ನು. ಕುಂತು ಒರಸಬ್ಯಾಡ. ಇವತ್ತ ಬಾತುಕೋಳಿಹಂಗ ಓಡ್ತಿ. ಇನ್ನ ಇಪ್ಪತ್ತು ವರ್ಷಕ್ಕ ಈ ಮೆಟ್ಟಿಲ ಮ್ಯಾಲ ನೀ ಕೂತಿರ್ತಿ."

ಮೂರು ತಿಂಗಳು ತುಂಬಿದ ಸೋಮವಾರ ಭಾಗವ್ವ ಅರವತ್ತಮೂರು ಮೆಟ್ಟಿಲನ್ನು ಕೋಲಿಲ್ಲದೆ ಇಳಿದಳು. ಗೋಡೆ ಹಿಡಿದುಕೊಂಡಳು, ಅದು ಬೇರೆ. ಕೋಲಿನ ಬದಲು ಅವಳ ಕೈಯಲ್ಲಿದ್ದದ್ದು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕೊಂಡ ಉದ್ದ ಹಿಡಿಯ ಪೋಚಾ.

ಸುಮಿತ್ರಮ್ಮ ಬಾಗಿಲು ತೆರೆದರು. ಒಳಗೆ ಮಹಾದೇವಿ ಭಾಗವ್ವನನ್ನು ಕಂಡವಳೇ, ಮಾತಿಲ್ಲದೆ, ಪೊರಕೆಯನ್ನು ಅವಳ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಂತಳು. ಸುಮಿತ್ರಮ್ಮನಿಗೆ ಆ ಕಟ್ಟಳೆ ಗೊತ್ತಿರಲಿಲ್ಲ. ಏನೋ ನಡೆದುಹೋಯಿತು ಎಂದು ಮಾತ್ರ ಗೊತ್ತಾಯಿತು.

"ಭಾಗವ್ವ, ಚೆನ್ನಾಗಿದೀಯೇನೇ? ನಡೀತಿದೀಯಲ್ಲ, ಪರವಾಗಿಲ್ವೇ! ಆದ್ರೆ ಕೆಲಸ... ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನಿಂಗೆ ಕೂರಕ್ಕಾಗಲ್ಲ. ಈ ಕೋಲಿನ ಪೋಚಾದಲ್ಲಿ ಮೂಲೆಗಳೆಲ್ಲಾ ಹಾಗೇ ಉಳಿಯುತ್ತೆ ಕಣೇ. ಕೈಯಲ್ಲಿ ಒರೆಸಿದ ಹಾಗಾಗಲ್ಲ."

"ಹಂಗಾರ ಕೈಲೆ ಒರಸೂದು ನೀವ ಒಂದ್ಸಲ ತೋರಸ್ರಿ ಅಮ್ಮಾರ."

"ನಂಗೆ ಕೂರಕ್ಕಾಗಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ನನಗಿಂತ ಯಾರಿಗ್ರೀ ಗೊತ್ತು? ನಿಮ್ಮ ಮೊಣಕಾಲಿನ ಎಣಿಕಿ ಇನ್ನೂ ನನ್ನ ಬಾಯಾಗ ಐತಿ." ಭಾಗವ್ವ ದನಿ ಏರಿಸಲಿಲ್ಲ. "ನಿಮ್ಮದರಾಗೂ ಲೋಹ, ನನ್ನದರಾಗೂ ಲೋಹ. ನಿಮ್ಮದಕ್ಕ ನೆಲ ಬ್ಯಾಡ, ನನ್ನದಕ್ಕ ನೆಲ ಬೇಕು ಅಂತ ಯಾವ ಡಾಕ್ಟರ ಬರಕೊಟ್ಟಾನ? ಎರಡು ವರ್ಷದಾಗ ನೀವು ಒಂದಿನ ನೆಲಕ್ಕ ಕುಂತೀರೇನು? ನಾ ಕೂಡ್ರಾಕ ಬಿಟ್ಟೀನೇನು?"

ಸೋಫಾದಲ್ಲಿ ಪೇಪರು ಓದುತ್ತಿದ್ದ ರಾಮಸ್ವಾಮಿ ಸಮಾಧಾನ ಹೇಳುವವರಂತೆ, "ಎಲ್ಲಾ ಸರಿಹೋಗುತ್ತೆ ಬಿಡು ಭಾಗವ್ವ. ನಮ್ಮ ಸುಮಿತ್ರಾನ ನೋಡು, ಆರು ವಾರಕ್ಕೆಲ್ಲಾ ಟಕಟಕಾಂತ ಅಡುಗೆಮನೇಲಿ ನಿಂತ್ಲು," ಎಂದರು.

"ನೀವು ಸುಮ್ನಿರಿ," ಎಂದರು ಸುಮಿತ್ರಮ್ಮ. ಗಂಡನ ಕಡೆ ನೋಡಲೂ ಇಲ್ಲ. "ನಿಂತದ್ದು ಹೇಗೆ ಅಂತ ನಿಂತೋಳಿಗೆ ಗೊತ್ತು."

ಭಾಗವ್ವ ಬಕೆಟ್ಟಿಗೆ ನೀರು ಹಿಡಿದಳು. ಹಾಲ್, ಎರಡು ಕೋಣೆ, ಪ್ಯಾಸೇಜು ಒರೆಸಿದಳು. ಸೋಫಾದ ಹತ್ತಿರ ಬಂದು ನಿಂತಳು. "ಸಾಹೇಬ್ರ, ಇದರ ಕೆಳಗ ಹೊಲಸೈತಿ. ಏಳ್ರಿ, ಸೋಫಾ ಸರಸ್ರಿ." ರಾಮಸ್ವಾಮಿ ಹೆಂಡತಿಯ ಮುಖ ನೋಡಿದರು. ಅಲ್ಲಿ ಏನೂ ಸಿಗಲಿಲ್ಲ. ಎದ್ದು ಸರಿಸಿದರು.

ಕೆಲಸ ಮುಗಿದ ಮೇಲೆ ಟೀ. ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೀ ಅಂದರೆ ಅಡುಗೆಮನೆಯ ಬಾಗಿಲ ಪಕ್ಕದ ನೆಲ, ಒಂದು ಬೇರೆ ಸ್ಟೀಲ್ ಲೋಟ. ಮೊಣಕಾಲು ಬದಲಾದ ಮೇಲೆ ಸುಮಿತ್ರಮ್ಮನಿಗೆ ಬಗ್ಗಿ ನೆಲದ ಮೇಲೆ ಇಡಲು ಆಗುತ್ತಿರಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದರು, ಭಾಗವ್ವ ಎತ್ತಿಕೊಂಡು ನೆಲಕ್ಕೆ ಕೂರುತ್ತಿದ್ದಳು. ಇಂದೂ ಲೋಟ ಸ್ಟೂಲಿನ ಮೇಲೆ ಬಂತು.

ಭಾಗವ್ವ ಲೋಟ ಎತ್ತಿಕೊಂಡು ಡೈನಿಂಗ್ ಟೇಬಲ್ಲಿನ ಹತ್ತಿರ ಹೋದಳು. ಒಂದು ಕುರ್ಚಿ ಎಳೆದಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕೀರಲು ಸದ್ದಾಯಿತು. ಕೂತಳು. ತುದಿಗಲ್ಲ, ಬೆನ್ನು ಆನಿಸಿ.

ರಾಮಸ್ವಾಮಿ ಪೇಪರನ್ನು ಮಡಚಿ, ಮತ್ತೆ ಬಿಚ್ಚಿದರು.

"ಡಾಕ್ಟರು ನೆಲಕ್ಕ ಕೂಡಬ್ಯಾಡ ಅಂದಾರ," ಎಂದಳು ಭಾಗವ್ವ. ಟೀ ಊದಿ ಒಂದು ಗುಟುಕು ಕುಡಿದಳು. "ಸಕ್ರಿ ಕಮ್ಮಿ ಆಗೇತ್ರಿ."

ಸುಮಿತ್ರಮ್ಮ ಬಹಳ ಹೊತ್ತು ನಿಂತೇ ಇದ್ದರು. ನಿಂತೇ ಇರುವುದು ಅವರ ಮೊಣಕಾಲಿಗೂ ಒಳ್ಳೆಯದಲ್ಲ. ಕೊನೆಗೆ ಸಕ್ಕರೆ ಡಬ್ಬಿಯನ್ನು ಟೇಬಲ್ಲಿನ ಮೇಲೆ ಇಟ್ಟು, ಎದುರಿನ ಕುರ್ಚಿಯಲ್ಲಿ ತಾವೂ ಕೂತರು. "ಒಂದು ತಿಂಗಳು ನೋಡ್ತೀನಿ," ಎಂದರು, ಬಿಗಿಯಾಗಿಯೇ.

"ನೋಡ್ರಿ. ನಾನೂ ನೋಡ್ತೀನಿ."

ಉಳಿದ ಮೂರು ಮನೆಯಲ್ಲಿ ಇಷ್ಟು ಸಲೀಸಾಗಲಿಲ್ಲ. ಒಂದು ಮನೆಯವರು ಪ್ಲಾಸ್ಟಿಕ್ ಸ್ಟೂಲು ಬಾಲ್ಕನಿಯಲ್ಲಿ ಇಟ್ಟುಕೊಟ್ಟರು. ಭಾಗವ್ವ ಅದನ್ನು ಒಳಗೆ ತಂದು ಫ್ಯಾನಿನ ಕೆಳಗೆ ಇಟ್ಟುಕೊಂಡಳು. ಇನ್ನೊಂದು ಮನೆಯವರು ಹದಿನೈದು ದಿನ ಟೀಯನ್ನೇ ನಿಲ್ಲಿಸಿದರು. ಕೆಲಸ ಮುಗಿದ ಮೇಲೆ ಅವಳು ಆ ಮನೆಯಲ್ಲಿ ಟೀ ಇಲ್ಲದೆಯೇ ಐದು ನಿಮಿಷ ಕುರ್ಚಿಯಲ್ಲಿ ಕೂತು ಹೊರಟಳು. ಹದಿನಾರನೇ ದಿನ ಟೀ ಬಂತು.

ಆರು ತಿಂಗಳಿಗೆ ಪರೇಲಿನಲ್ಲಿ ಅದೇ ಕುರ್ಚಿ, ಅದೇ ಹಳದಿ ಪಟ್ಟಿ. ವಿಭಾ "ಶುರು" ಅಂದಳು. ಭಾಗವ್ವ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದಳು, ನಡೆದಳು, ತಿರುಗಿದಳು, ಬಂದು ಕೂತಳು.

ವಿಭಾ ಮೊಬೈಲನ್ನೂ ಕಂಪ್ಯೂಟರನ್ನೂ ನೋಡಿದಳು. "ಹನ್ನೆರಡು ಸೆಕೆಂಡು. ಕಂಪ್ಯೂಟರ್ ಹತ್ತೊಂಬತ್ತು ಅಂದಿತ್ತು. ಆಂಟಿ, ಕುರ್ಚಿಯಿಂದ ಏಳೋದು ಇಷ್ಟು ಸಲೀಸಾಗಿ... ಎಲ್ಲಿ ಪ್ರಾಕ್ಟೀಸ್ ಮಾಡಿದ್ರಿ?"

"ನಾಕು ಮನ್ಯಾಗ."

"ಮನೇಲಿ ಯಾರು ಹೆಲ್ಪ್ ಮಾಡಿದ್ರು? ನಾನು ಅದನ್ನೂ ಬರ್ಕೋಬೇಕು."

"ಬರೀರಿ. ಮಹಾದೇವಿ. ಪಕ್ಕದ ಖೋಲಿ ಇಂದ್ರಾಬಾಯಿ. ಎದುರಿನ ನಮಿತಾ."

"ಇವರೆಲ್ಲಾ ಏನಾಗ್ಬೇಕು ನಿಮಗೆ? ಇಲ್ಲಿ ಗಂಡ, ಮಗ, ಮಗಳು, ಸೊಸೆ ಅಂತ ಅಷ್ಟೇ ಇದೆ."

"ಹಂಗಾರ ನಿಮ್ಮ ಫಾರಂ ಸಣ್ಣದೈತಿ. ಕೆಳಗ ಗೆರಿ ಎಳದು ಬರೀರಿ."

ವಿಭಾ ಗೆರೆ ಎಳೆದು ಮೂರೂ ಹೆಸರು ಬರೆದಳು. ಆಮೇಲೆ ಪೆನ್ನು ಮೇಲೆತ್ತಿ ಕೇಳಿದಳು: "ಗಂಡನಿಗೆ ಈ ಸಲವೂ ಸೊನ್ನೇನಾ?"

ಭಾಗವ್ವ ಬಾಗಿಲಾಚೆ ನೋಡಿದಳು. ಹೊರಗೆ ಬೆಂಚಿನ ಮೇಲೆ ಮರೆಪ್ಪ ಅವಳ ಚೀಲ ಹಿಡಿದುಕೊಂಡು ಕೂತಿದ್ದ. "ಅರ್ಧ ಮಾರ್ಕ ಹಾಕ್ರಿ. ನೀರು ತಂದಾನ. ರೊಟ್ಟಿ ಬಡಿಯಾಕ ಕಲಿತ ದಿನ ಉಳಿದರ್ಧ."

ಅವಳು ಎದ್ದು ಹೋಗಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಡಗಾಲನ್ನು ಮುಂದಕ್ಕೆ ಚಾಚಿದಳು.

"ಈಗ ಇದರ ಫಾರಂ ತಗೀರಿ ಡಾಕ್ಟರವ್ವಾ."